ಕೊಳೆ ತರುವುದೂ ಶಿಲೀಂಧ್ರ, ರಂಜಕ ತರುವುದೂ ಶಿಲೀಂಧ್ರ: ಬೇರಿಗೆ ಗುರುತು ಸಿಗುವುದು ಹೇಗೆ?

ಬೆಟ್ಟದಂಚಿನ ತೋಟ, ಶಿರಸಿ. ಜೂನ್ 27, ರಾತ್ರಿ 8.40

ಮೂರು ದಿನದಿಂದ ಮಳೆ ಬಿಟ್ಟಿಲ್ಲ. ಕರೆಂಟು ಬಂದ ಗಳಿಗೆಯಲ್ಲಿ ಬರೆಯುತ್ತಿದ್ದೇನೆ, ಅರ್ಧಕ್ಕೆ ನಿಂತರೆ ಹೋಯಿತೆಂದು ತಿಳಿಯಿರಿ.

ಈ ಸಲ ಇನ್ನೂರು ಕೊಟ್ಟೆ (ಸಸಿ ಬೆಳೆಸುವ ಚೀಲ) ಕಾಳುಮೆಣಸಿನ ಗಿಡ ಮಾಡಿದೆ. ಪೇಟೆಯ ಅಂಗಡಿಯೊಂದರಲ್ಲಿ ವ್ಯಾಮ್ ಎಂಬ ಪುಡಿ ಸಿಕ್ಕಿತು. ಬೇರಿಗೆ ಹತ್ತಿಕೊಳ್ಳುವ ಒಳ್ಳೆಯ ಶಿಲೀಂಧ್ರ, ಮಣ್ಣಿನಿಂದ ರಂಜಕ ಎಳೆದು ಕೊಡುತ್ತದೆ ಎಂದರು. ನೂರು ಕೊಟ್ಟೆಗೆ ಆ ಪುಡಿ ಹಾಕಿ, ಜೊತೆಗೆ ಸೂಪರ್ ಫಾಸ್ಫೇಟನ್ನೂ ಧಾರಾಳವಾಗಿ ಬೆರೆಸಿದೆ. ಒಳ್ಳೆಯದಕ್ಕೆ ಇನ್ನೊಂದು ಒಳ್ಳೆಯದು ಸೇರಿದರೆ ಕೆಟ್ಟದ್ದೇನಾದೀತು ಎಂಬ ಲೆಕ್ಕ. ಉಳಿದ ನೂರಕ್ಕೆ ಪುಡಿಯೂ ಸಾಲಲಿಲ್ಲ, ಗೊಬ್ಬರವೂ ಸಾಲಲಿಲ್ಲ. ಬೆಟ್ಟದಿಂದ ದರಕಿನ (ಉದುರಿದ ಒಣ ಎಲೆಯ) ಅಡಿಯ ಕಪ್ಪು ಮಣ್ಣು ತಂದು, ಮರಳು ಮತ್ತು ಒಂದಿಷ್ಟು ಕೊಟ್ಟಿಗೆ ಗೊಬ್ಬರ ಸೇರಿಸಿ ತುಂಬಿದೆ. ಈಗ ನೋಡಿದರೆ ಎರಡೂ ಸಾಲು ಒಂದೇ ಎತ್ತರ. ಹಾಗಾದರೆ ಪುಡಿಗೆ ಕೊಟ್ಟ ದುಡ್ಡು ಎಲ್ಲಿ ಹೋಯಿತು? ದರಕು ಕೆದರಿದಾಗ ಕಾಣುವ ಬಿಳಿ ನೂಲು ಇದೇ ಶಿಲೀಂಧ್ರವೋ?

ಇನ್ನೊಂದು ಪ್ರಶ್ನೆ ನನ್ನದಲ್ಲ, ಹೈಸ್ಕೂಲಿನಲ್ಲಿರುವ ಮಗಳದ್ದು. ಪೊಟ್ಟಣದ ಮೇಲಿನ ಬರಹ ಓದಿ ಕೇಳಿದಳು: ‘ಅಪ್ಪಾ, ಅಡಿಕೆಗೆ ಕೊಳೆ ಬಂದರೆ ಶಿಲೀಂಧ್ರ ಎನ್ನುತ್ತೀಯ. ಮೆಣಸಿನ ಬಳ್ಳಿ ಸೊರಗಿದರೂ ಶಿಲೀಂಧ್ರ ಎನ್ನುತ್ತೀಯ. ಇದೂ ಶಿಲೀಂಧ್ರವೇ. ಬೇರಿಗೆ ಕಣ್ಣಿಲ್ಲ. ಯಾರನ್ನು ಒಳಗೆ ಬಿಡಬೇಕು ಎಂದು ಅದಕ್ಕೆ ಗೊತ್ತಾಗುವುದು ಹೇಗೆ?’ ನಾನು ಕವಳ ಹಾಕಿಕೊಂಡು ಸುಮ್ಮನಾದೆ.

ಹಳೇ ಕಂಬಳಿ, ಸಿದ್ದಾಪುರ. ಜೂನ್ 27, ರಾತ್ರಿ 9.15

ಭಾವ, ಪುಡಿಯಿಂದ ಮಾರಿದವನಿಗೆ ಲಾಭವಾದದ್ದಂತೂ ಖಚಿತ. ಗಿಡದ ಮಾತು ಆಮೇಲೆ. ನಮ್ಮ ಅಜ್ಜ ಎಕರೆ ತೋಟಕ್ಕೆ ಒಂಬತ್ತು ಎಕರೆ ಬೆಟ್ಟ ಇಟ್ಟುಕೊಂಡು ಸೊಪ್ಪು, ದರಕು ಹೊರಿಸಿದ. ಅವನಿಗೆ ಯಾವ ಪೊಟ್ಟಣವೂ ಬೇಕಾಗಿರಲಿಲ್ಲ. ಮಗಳ ಪ್ರಶ್ನೆ ಮಾತ್ರ ಗಟ್ಟಿಯಾಗಿದೆ. ಉತ್ತರ ಬಲ್ಲವರು ಬರಲಿ, ನಾನು ಇಲ್ಲೇ ಕುಳಿತಿದ್ದೇನೆ.

ನಿರ್ವಾಹಕ. ಜೂನ್ 27, ರಾತ್ರಿ 9.30

ಅಂಗಡಿಯ ಹೆಸರು, ಪೊಟ್ಟಣದ ಹೆಸರು ಇಲ್ಲಿ ಬೇಡ. ವಿಷಯ ಮುಂದುವರಿಯಲಿ.

ಬೇರುಹುಳು, ಯಲ್ಲಾಪುರ (ಸದ್ಯ ಬೆಂಗಳೂರು). ಜೂನ್ 28, ಬೆಳಿಗ್ಗೆ 7.05

ಸಸ್ಯಗಳ ಅಣುಜೀವಶಾಸ್ತ್ರ ಓದುತ್ತಿರುವವಳು ನಾನು. ಮನೆಯಲ್ಲಿ ತೋಟವಿದೆ, ಹಾಗಾಗಿ ಈ ಪ್ರಶ್ನೆಗಳು ನನಗೆ ಎರಡು ಕಡೆಯಿಂದಲೂ ಹತ್ತಿರ.

ಬಿಳಿ ನೂಲಿನ ವಿಷಯ ಮೊದಲು ಮುಗಿಸುತ್ತೇನೆ. ದರಕಿನಲ್ಲಿ ಕಾಣುವುದು ಬಹುಮಟ್ಟಿಗೆ ಎಲೆ ಕೊಳೆಸಿ ಬದುಕುವ ಶಿಲೀಂಧ್ರ. ಅದರ ಉಪಕಾರ ದೊಡ್ಡದು, ಆದರೆ ಅದು ನಿಮ್ಮ ಪೊಟ್ಟಣದ್ದಲ್ಲ. ಮೆಣಸು, ಅಡಿಕೆ, ಬಾಳೆ, ಏಲಕ್ಕಿ ಇವುಗಳ ಬೇರಿನೊಳಗೆ ಸೇರುವ ಕುಲವೇ ಬೇರೆ. ಅದರ ಎಳೆ ತಲೆಗೂದಲಿಗಿಂತ ಎಷ್ಟೋ ಪಟ್ಟು ಸಪೂರ, ಬರಿಗಣ್ಣಿಗೆ ಬೀಳದು. ಅಣಬೆಯಾಗಿ ಮೇಲೇಳುವುದೂ ಇಲ್ಲ. ಭೂಮಿಯ ಮೇಲಿನ ಸಸ್ಯಜಾತಿಗಳಲ್ಲಿ ಸುಮಾರು ಶೇಕಡಾ 70ಕ್ಕೆ ಈ ಕುಲದ ಸಂಬಂಧವಿದೆ. ಕೋಸು, ಮೂಲಂಗಿ, ಸಾಸಿವೆಗಳ ಮನೆತನ ಇದನ್ನು ಬಿಟ್ಟುಬಿಟ್ಟಿದೆ.

ಇಂಥ ಜೋಡಿಗೆ ಮೈಕೊರೈಜಾ, ಅಂದರೆ ಶಿಲೀಂಧ್ರಬೇರು, ಎಂಬ ಹೆಸರು ಕೊಟ್ಟವರು ಜರ್ಮನಿಯ ಆಲ್ಬರ್ಟ್ ಬರ್ನ್‌ಹಾರ್ಡ್ ಫ್ರಾಂಕ್, 1885ರಲ್ಲಿ. ಪ್ರಷ್ಯದ ಸರ್ಕಾರ ಅವರಿಗೆ ವಹಿಸಿದ್ದು ಟ್ರಫಲ್ ಎಂಬ ದುಬಾರಿ ಅಣಬೆಯನ್ನು ಬೆಳೆಸುವ ದಾರಿ ಹುಡುಕುವ ಕೆಲಸ. ಟ್ರಫಲ್ ಬೆಳೆಯಲಿಲ್ಲ, ಅದರ ಬದಲು ಇದು ಸಿಕ್ಕಿತು.

ಈಗ ನಮ್ಮ ಮಣ್ಣಿಗೆ ಬರೋಣ. ಚಿರೇಕಲ್ಲಿನ ಕೆಂಪು ಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಹೆಚ್ಚು. ರಂಜಕ ಬಿದ್ದರೆ ಅವು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಸಾರಜನಕದಂತೆ ಅದು ನೀರಿನೊಡನೆ ಹರಿದು ಬೇರಿನ ಬಳಿ ಬರುವುದಿಲ್ಲ. ಬೇರು ತನ್ನ ಸುತ್ತಲಿನ ಒಂದೆರಡು ಮಿಲಿಮೀಟರ್ ಮಣ್ಣನ್ನು ಬರಿದು ಮಾಡಿದ ಮೇಲೆ ಮುಂದೆ ಕೈ ಚಾಚಲಾರದು. ಶಿಲೀಂಧ್ರದ ಎಳೆ ಅದನ್ನು ದಾಟಿ ಹಲವು ಸೆಂಟಿಮೀಟರ್ ಆಚೆಗೆ ಹೋಗಿ ಹೆಕ್ಕಿ ತರುತ್ತದೆ. ಇದಿಷ್ಟು ನಮ್ಮಲ್ಲಿ ಹಲವರಿಗೆ ಗೊತ್ತಿರುವುದೇ. ಇಬ್ಬರೂ ಒಬ್ಬರನ್ನೊಬ್ಬರು ಕಂಡುಕೊಳ್ಳುವ ಕಥೆ ಇದಕ್ಕಿಂತ ಸ್ವಾರಸ್ಯದ್ದು.

ಕರೆಯುವುದು ಬೇರು. ರಂಜಕ ಕಡಿಮೆಯಾದಾಗ ಅದು ಸ್ಟ್ರಿಗೋಲ್ಯಾಕ್ಟೋನ್ ಎಂಬ ರಾಸಾಯನಿಕವನ್ನು ಅತಿ ಸ್ವಲ್ಪ ಪ್ರಮಾಣದಲ್ಲಿ ಮಣ್ಣಿಗೆ ಬಿಡುತ್ತದೆ. ಬಹಳ ಬೇಗ ಒಡೆದುಹೋಗುವ ವಸ್ತು, ಹಾಗಾಗಿ ಅದು ಹತ್ತಿರದಲ್ಲಿ ಜೀವಂತ ಬೇರಿದೆ ಎಂಬುದಕ್ಕೆ ನಂಬಬಹುದಾದ ಗುರುತು. ಅದು ತಾಗಿದೊಡನೆ ಶಿಲೀಂಧ್ರದ ಎಳೆ ಮೈಕೊಡವಿ ಟಿಸಿಲು ಟಿಸಿಲಾಗಿ ಒಡೆಯುತ್ತದೆ. ಜಪಾನಿನ ವಿಜ್ಞಾನಿಗಳು ಇದನ್ನು ತೋರಿಸಿದ್ದು 2005ರಲ್ಲಿ.

ತಮಾಷೆಯೆಂದರೆ ಈ ವಸ್ತುವಿನ ಪರಿಚಯ ಲೋಕಕ್ಕೆ 1966ರಲ್ಲೇ ಆಗಿತ್ತು, ಕೆಟ್ಟ ಹೆಸರಿನೊಂದಿಗೆ. ಬಯಲುಸೀಮೆಯಲ್ಲಿ ಜೋಳದ ಬೇರಿಗೆ ಕಚ್ಚಿ ಬೆಳೆಯುವ ಸ್ಟ್ರೈಗಾ ಕಳೆ ಗೊತ್ತಲ್ಲ, ಅದರ ಬೀಜ ಮೊಳೆಯುವುದು ಈ ವಸ್ತು ಸೋಂಕಿದಾಗ. ಹೆಸರೂ ಆ ಕಳೆಯಿಂದಲೇ ಬಂದದ್ದು. ಪರರ ಬೇರು ಹೀರುವ ಕಳೆಯನ್ನು ಎಬ್ಬಿಸುವ ವಸ್ತುವನ್ನು ಗಿಡ ತಾನಾಗಿ ಏಕೆ ಸುರಿಸುತ್ತದೆ ಎಂಬುದು ಸುಮಾರು ನಲವತ್ತು ವರ್ಷ ಒಗಟಾಗಿ ಉಳಿದಿತ್ತು. ಕರೆದದ್ದು ನೆಂಟರನ್ನು, ಹಿತ್ತಿಲಲ್ಲಿ ಕೂತ ಕಳ್ಳನಿಗೂ ಅದು ಕೇಳಿಸಿತು.

ಮುಂದಿನದು ಸಂಜೆ ಬರೆಯುತ್ತೇನೆ, ಪ್ರಯೋಗಾಲಯಕ್ಕೆ ಹೊತ್ತಾಯಿತು.

ಕಡಲಂಚು, ಕಾರವಾರ. ಜೂನ್ 28, ಮಧ್ಯಾಹ್ನ 1.20

ಓದಿ ಖುಷಿಯಾಯಿತು ತಂಗಿ. ನಮ್ಮ ಕಡೆ ಟಾಗೋರ್ ಕಡಲತೀರದ ಮರಳಿನಲ್ಲಿ ಗಾಳಿಮರ ಬೆಳೆಯುತ್ತದೆ. ಬರೀ ಉಪ್ಪುಮರಳು, ಸತ್ವವೆಂಬುದಿಲ್ಲ. ಕಿತ್ತರೆ ಬೇರಿನಲ್ಲಿ ಬೆರಳ ಗಾತ್ರದ ಗಂಟು. ಅದೂ ಈ ಶಿಲೀಂಧ್ರವೇ?

ಬೇರುಹುಳು. ಜೂನ್ 28, ರಾತ್ರಿ 9.50

ಅಣ್ಣ, ಆ ಗಂಟು ಫ್ರಾಂಕಿಯಾ ಎಂಬ ಬ್ಯಾಕ್ಟೀರಿಯಾದ್ದು, ಗಾಳಿಯ ಸಾರಜನಕವನ್ನು ಗೊಬ್ಬರವಾಗಿಸುವಂಥದ್ದು. ಶಿಲೀಂಧ್ರವೂ ಅದೇ ಮರದ ಬೇರಿನಲ್ಲಿ ಬೇರೆಯಾಗಿ ಇರುತ್ತದೆ. ಆದರೆ ನೀವು ಗೊತ್ತಿಲ್ಲದೆಯೇ ಸರಿಯಾದ ಮರವನ್ನು ಹಿಡಿದು ತಂದಿದ್ದೀರಿ. 2008ರಲ್ಲಿ ಗಾಳಿಮರದ ಜಾತಿಯೊಂದರ ಮೇಲೇ ಪ್ರಯೋಗ ನಡೆಯಿತು. ಸಿಮ್‌ಆರ್‌ಕೆ ಎಂಬ ಒಂದು ಜೀನನ್ನು ಕುಗ್ಗಿಸಿದರೆ ಫ್ರಾಂಕಿಯಾ ಗಂಟೂ ಸರಿಯಾಗಿ ಕಟ್ಟಲಿಲ್ಲ, ಶಿಲೀಂಧ್ರವೂ ಒಳಗೆ ನೆಲೆಯಾಗಲಿಲ್ಲ. ಅಲಸಂದೆ, ಶೇಂಗಾದಂಥ ಗಿಡಗಳ ಬಳಗದಲ್ಲಿ ರೈಜೋಬಿಯಂ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ಗಂಟಿಗೆ ಬೇಕಾದದ್ದೂ ಇದೇ ಜೀನ್. ಮೂರು ಬಗೆಯ ಅತಿಥಿಗಳಿಗೆ ಒಂದೇ ಹೆಬ್ಬಾಗಿಲು. ಆ ಬಾಗಿಲನ್ನು ಮೊದಲು ಕಟ್ಟಿದ್ದು ಶಿಲೀಂಧ್ರಕ್ಕಾಗಿ. ಸ್ಕಾಟ್ಲೆಂಡಿನ ರೈನಿ ಎಂಬಲ್ಲಿ ಸುಮಾರು 40 ಕೋಟಿ ವರ್ಷ ಹಳೆಯ ಕಲ್ಲಿನಲ್ಲಿ, ಇನ್ನೂ ಬೇರೇ ಮೂಡಿರದ ಕಾಲದ ಸಸ್ಯದ ಜೀವಕೋಶದೊಳಗೆ, ಈ ಶಿಲೀಂಧ್ರದ ಅಚ್ಚು ಸಿಕ್ಕಿದೆ. ಬ್ಯಾಕ್ಟೀರಿಯಾಗಳು ಎಷ್ಟೋ ಕಾಲದ ಮೇಲೆ ಬಂದು ಅದೇ ಬಾಗಿಲು ಬಳಸಿಕೊಂಡವು.

ಇನ್ನು ಮಗಳ ಪ್ರಶ್ನೆ. ಕರೆ ಕೇಳಿದ ಶಿಲೀಂಧ್ರ ಸುಮ್ಮನೆ ಬರುವುದಿಲ್ಲ, ತನ್ನ ಗುರುತನ್ನು ಮುಂದೆ ಕಳಿಸುತ್ತದೆ. ಶಿಲೀಂಧ್ರದ ಮೈಗೋಡೆ ಕೈಟಿನ್ ಎಂಬ ವಸ್ತುವಿನದು, ಸಿಗಡಿ, ಏಡಿಯ ಚಿಪ್ಪಿನಲ್ಲಿರುವುದೂ ಅದೇ. ಸರಪಳಿಯಂಥ ಅಣು. ಎಂಟು ಕೊಂಡಿಯ ತುಣುಕು ಬೇರಿಗೆ ತಾಗಿದರೆ ‘ಗೋಡೆ ಒಡೆಯುತ್ತಿದೆ, ಯಾವನೋ ನುಗ್ಗುತ್ತಿದ್ದಾನೆ’ ಎಂದು ಅದು ರಕ್ಷಣೆಗೆ ನಿಲ್ಲುತ್ತದೆ. ನಾಲ್ಕೈದು ಕೊಂಡಿಯ ಚಿಕ್ಕ ತುಣುಕಾದರೆ ಅತಿಥಿಯ ಲೆಕ್ಕ. ಇದರ ಜೊತೆ, ಅದೇ ಚಿಕ್ಕ ಸರಪಳಿಗೆ ಕೊಬ್ಬಿನ ಬಾಲ ಅಂಟಿಸಿದ ಇನ್ನೊಂದು ಸಂಕೇತವನ್ನೂ ಶಿಲೀಂಧ್ರ ಕಳಿಸುತ್ತದೆ. ಅದು 2011ರಲ್ಲಿ ಪತ್ತೆಯಾಯಿತು. ರೈಜೋಬಿಯಂ ಕಳಿಸುವ ಸಂಕೇತಕ್ಕೂ ಇದಕ್ಕೂ ಅಣ್ಣತಮ್ಮಂದಿರ ಹೋಲಿಕೆ.

ಭತ್ತದಲ್ಲಿ ನೋಡಿದರೆ ಶತ್ರುವಿನ ತುಣುಕು ಗುರುತಿಸಲೂ ಗೆಳೆಯನ ತುಣುಕು ಗುರುತಿಸಲೂ ಸರ್ಕ್-1 ಎಂಬ ಒಂದೇ ಪ್ರೋಟೀನ್ ಬೇಕು. ಅದರ ಪಕ್ಕದಲ್ಲಿ ಆಗ ಯಾವ ಪ್ರೋಟೀನ್ ಜೋಡಿಯಾಗುತ್ತದೆ ಎಂಬುದರ ಮೇಲೆ ತೀರ್ಪು. ಕಾವಲುಗಾರನೂ ಎದುರುಗೊಳ್ಳುವವನೂ ಒಬ್ಬನೇ.

ಸುದ್ದಿ ತಲುಪಿದ ಮೇಲೆ ನಡೆಯುವುದನ್ನು ನಾನು ಸೂಕ್ಷ್ಮದರ್ಶಕದಲ್ಲಿ ಮೊದಲ ಸಲ ಕಂಡ ದಿನ ಊಟ ಮರೆತಿದ್ದೆ. ಬೇರಿನ ಜೀವಕೋಶದ ನಡುವಿನ ಬೀಜಕೇಂದ್ರದಲ್ಲಿ ಕ್ಯಾಲ್ಸಿಯಂ ಮಟ್ಟ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಒಂದೆರಡು ನಿಮಿಷಕ್ಕೊಂದರಂತೆ ಪೆಟ್ಟು. ಹೊಳೆಯುವ ಬಣ್ಣ ಕೊಟ್ಟು ನೋಡಿದರೆ ಚಂಡೆಯ ಪೆಟ್ಟಿಗೆ ದೀಪ ಮಿನುಗಿದಂತೆ. ಆ ತಾಳವನ್ನು ಓದುವುದಕ್ಕೆಂದೇ ಸಿಸಿಎಎಂಕೆ ಎಂಬ ಪ್ರೋಟೀನ್ ಇದೆ. ತಾಳ ಬಂದರೆ ಅದು ಎಚ್ಚೆತ್ತು ಸೈಕ್ಲಾಪ್ಸ್ ಎಂಬ ಇನ್ನೊಂದನ್ನು ತಟ್ಟುತ್ತದೆ, ಅದು ಸಾಲು ಜೀನ್‌ಗಳನ್ನು ಎಬ್ಬಿಸುತ್ತದೆ. ಈ ಓದುಗ ಪ್ರೋಟೀನನ್ನೇ ತಿದ್ದಿ, ಸದಾ ಎಚ್ಚರವಾಗಿರುವಂತೆ ಮಾಡಿದ ದ್ವಿದಳ ಗಿಡಗಳಲ್ಲಿ ಬ್ಯಾಕ್ಟೀರಿಯಾ ಒಂದೂ ಇಲ್ಲದೆ ಬೇರಿಗೆ ಗಂಟು ಮೂಡಿತು! ಭಾಗವತರೇ ಬಾರದೆ ವೇಷ ಕುಣಿದ ಹಾಗೆ.

ಅಷ್ಟಾದ ಮೇಲೆ ಬಾಗಿಲು ತೆರೆಯುತ್ತದೆ. ಶಿಲೀಂಧ್ರ ಬೇರಿನ ಮೇಲೆ ಅಂಟಿ ಕೂತಿರುವಾಗಲೇ ಒಳಗಿನ ಜೀವಕೋಶ ತನ್ನ ಬೀಜಕೇಂದ್ರವನ್ನು ಮುಂದೆ ಸರಿಸಿಕೊಂಡು ಆಚೆಯಿಂದ ಈಚೆಗೆ ಒಂದು ಸುರಂಗ ಕಟ್ಟುತ್ತದೆ. ಎಳೆ ಆ ಸುರಂಗದಲ್ಲೇ ಸಾಗಬೇಕು. ಕೊಳೆ ರೋಗದ್ದು ಗೋಡೆ ಕನ್ನ ಹಾಕುವ ದಾರಿ. ಇಲ್ಲಿ ಮನೆಯವರೇ ಚಪ್ಪರ ಹಾಕುತ್ತಾರೆ.

ಹಾಂ, ಮಗಳಿಗೆ ಇನ್ನೊಂದು ಮಾತು ಹೇಳಿ. ಅಡಿಕೆಯ ಕೊಳೆ, ಮೆಣಸಿನ ಶೀಘ್ರ ಸೊರಗು ತರುವ ಫೈಟಾಫ್ಥೊರಾ ನಿಜವಾದ ಶಿಲೀಂಧ್ರವೇ ಅಲ್ಲ. ಕಡಲಿನ ಕಂದು ಪಾಚಿಗೆ ದೂರದ ನೆಂಟ. ಅದರ ಗೋಡೆಯಲ್ಲಿ ಮುಖ್ಯವಾಗಿರುವುದು ಕೈಟಿನ್ ಅಲ್ಲ, ಸೆಲ್ಯುಲೋಸಿನಂಥ ವಸ್ತು.

ಕಡಲಂಚು. ಜೂನ್ 28, ರಾತ್ರಿ 10.05

ನಮ್ಮ ಕಡಲಿನ ಪಾಚಿಯ ನೆಂಟ ನಿಮ್ಮ ಅಡಿಕೆ ತಿನ್ನುತ್ತಿದ್ದಾನೆ ಎಂದಾಯಿತು. ಘಟ್ಟದ ಮೇಲಿನವರು ಇನ್ನು ಮೀನು ಕೊಳ್ಳುವಾಗ ಚೌಕಾಸಿ ಮಾಡಬಾರದು.

ಹಳೇ ಕಂಬಳಿ. ಜೂನ್ 29, ಬೆಳಿಗ್ಗೆ 6.30

ಮೀನು ಕೊಳ್ಳುವವರಿಗೆ ಹೇಳಿ, ನಮಗಲ್ಲ.

ತಂಗಿ ಬರೆದದ್ದನ್ನು ಎರಡು ಸಲ ಓದಿದೆ. ನನಗೊಂದು ಅನುಮಾನ. ಗುರುತಿನ ಚೀಟಿ ತೋರಿಸಿದವನೆಲ್ಲ ಸಾಚಾ ಎಂದು ಹೇಗೆ ನಂಬುವುದು? ಮದುವೆಮನೆಗೆ ಶಲ್ಯ ಹೊದ್ದು ಬಂದು ಉಂಡು ಹೋಗುವವರಿದ್ದಾರೆ. ನಿಮ್ಮ ಶಿಲೀಂಧ್ರ ಅಷ್ಟೊಂದು ಸಾಧುವೇ?

ಬೇರುಹುಳು. ಜೂನ್ 29, ರಾತ್ರಿ 10.30

ಸಾಧುವಲ್ಲ. ನೀವು ಸರಿಯಾದ ಜಾಗಕ್ಕೆ ಕೈ ಹಾಕಿದಿರಿ.

ಬಾಗಿಲು ತೆರೆದ ಮೇಲೂ ಬೇರಿನ ರಕ್ಷಣಾ ವ್ಯವಸ್ಥೆ ಪೂರ್ತಿ ಮಲಗಿರುವುದಿಲ್ಲ. ಅದನ್ನು ತಣ್ಣಗಿಡಲು ಶಿಲೀಂಧ್ರ ತನ್ನ ಕಡೆಯಿಂದ ಸಣ್ಣ ಪ್ರೋಟೀನ್‌ಗಳನ್ನು ಒಳಗೆ ಕಳಿಸುತ್ತದೆ. 2011ರಲ್ಲಿ ಎಸ್‌ಪಿ-7 ಎಂಬ ಒಂದನ್ನು ಗುರುತಿಸಿದರು. ಅದು ಗಿಡದ ಜೀವಕೋಶದ ಬೀಜಕೇಂದ್ರಕ್ಕೇ ಹೋಗಿ, ರಕ್ಷಣೆಯ ಜೀನ್‌ಗಳನ್ನು ಎಬ್ಬಿಸುವ ಪ್ರೋಟೀನೊಂದಕ್ಕೆ ಅಂಟಿಕೊಂಡು ಅದರ ಕೈ ಕಟ್ಟುತ್ತದೆ. ರೋಗಾಣುಗಳು ಮಾಡುವುದೂ ಇದನ್ನೇ! ಅದೇ ವರ್ಷ ಇನ್ನೊಂದು ಗುಂಪು ಪಾಪ್ಲರ್ ಮರ ಮತ್ತು ಲಕೇರಿಯಾ ಎಂಬ ಅಣಬೆಯ ಜೋಡಿಯಲ್ಲಿ ಮಿಸ್ಪ್-7 ಎಂಬ ಪ್ರೋಟೀನನ್ನು ಕಂಡಿತು. ಗಿಡಕ್ಕೆ ಗಾಯವಾದಾಗ, ಹುಳ ಕಚ್ಚಿದಾಗ ಜಾಸ್ಮೊನೇಟ್ ಎಂಬ ಹಾರ್ಮೋನು ಎಚ್ಚರದ ಗಂಟೆ ಬಾರಿಸುತ್ತದೆ. ಆ ಗಂಟೆಗೆ ಅಡ್ಡ ಹಿಡಿದ ಪ್ರೋಟೀನ್ ಕರಗಿದರೆ ಮಾತ್ರ ಸದ್ದು. ಮಿಸ್ಪ್-7 ಹೋಗಿ ಆ ಅಡ್ಡವನ್ನು ಕರಗದಂತೆ ಕಾಪಾಡುತ್ತದೆ. ಗಂಟೆ ಮೊಳಗುವುದಿಲ್ಲ.

ಅಂದರೆ ಗೆಳೆತನ, ಪರಾವಲಂಬನೆ ಎರಡಕ್ಕೂ ಉಪಕರಣ ಬಹುಪಾಲು ಒಂದೇ. ಆದರೆ ಗಿಡವೂ ಹಿಡಿತ ಬಿಟ್ಟುಕೊಟ್ಟಿಲ್ಲ. ಒಳಗೆ ಹೋದ ಎಳೆ ಜೀವಕೋಶದಲ್ಲಿ ಪುಟ್ಟ ಮರದಂತೆ ಕವಲೊಡೆಯುತ್ತದೆ, ಆರ್ಬಸ್ಕ್ಯೂಲ್ ಎನ್ನುತ್ತಾರೆ. ಆ ಕವಲುಗಳ ಸುತ್ತ ಗಿಡದ್ದೇ ತೆಳುಪೊರೆ ಹೊದ್ದಿರುತ್ತದೆ. ಕೊಟ್ಟುಕೊಳ್ಳುವ ವ್ಯವಹಾರವೆಲ್ಲ ಆ ಪೊರೆಯಲ್ಲಿ. ರಂಜಕವನ್ನು ಒಳಗೆ ತೆಗೆದುಕೊಳ್ಳಲು ಪಿಟಿ-4 ಎಂಬ ಪ್ರೋಟೀನನ್ನು ಗಿಡ ಅಲ್ಲಿ ಮಾತ್ರ ಕೂರಿಸುತ್ತದೆ. ಆ ಪ್ರೋಟೀನ್ ಇಲ್ಲದ, ಅಂದರೆ ರಂಜಕ ಕೈಸೇರದ, ಗಿಡದಲ್ಲಿ ಆರ್ಬಸ್ಕ್ಯೂಲ್‌ಗಳು ಅಕಾಲದಲ್ಲೇ ಕರಗಿಹೋಗುವುದನ್ನು ಕಂಡಿದ್ದಾರೆ. ಸಾಮಾನ್ಯವಾಗಿಯೂ ಅವುಗಳ ಆಯುಷ್ಯ ಕೆಲವೇ ದಿನ. ಬಾಡಿಗೆ ಬಾರದಿದ್ದರೆ ಸಾಮಾನು ಹೊರಗೆ, ಬಂದರೂ ಹೊಸ ಕರಾರು.

ಕತ್ತಲೆಕಾನು, ಸಿದ್ದಾಪುರ. ಜೂನ್ 30, ಸಂಜೆ 6.10

ಲಕೇರಿಯಾ ಬಂದದ್ದರಿಂದ ನಾನೂ ಬಾಯಿ ಹಾಕುತ್ತೇನೆ. ಅದು ಇನ್ನೊಂದು ಬಗೆಯ ಸಂಬಂಧ, ಹೊರಬೇರಿನದು. ಅದರಲ್ಲಿ ಶಿಲೀಂಧ್ರ ಜೀವಕೋಶದ ಒಳಗೆ ಹೋಗುವುದಿಲ್ಲ. ಬೇರಿನ ತುದಿಗೆ ಕಾಲುಚೀಲ ತೊಡಿಸಿದಂತೆ ಸುತ್ತಿಕೊಂಡು, ಕೋಶಗಳ ಸಂದಿಯಲ್ಲಿ ಬಲೆ ಹೆಣೆಯುತ್ತದೆ. ನಮ್ಮ ಕಾಡಿನ ಮಾವು, ಹಲಸು ಮುಂತಾದ ಹೆಚ್ಚಿನ ಮರಗಳದ್ದು ತಂಗಿ ಹೇಳಿದ ಒಳಬೇರಿನ ಬಗೆ. ಧೂಪ, ಹೈಗ, ಬೋಗಿ ಈ ಬಳಗದ್ದು ಹೊರಬೇರಿನ ಬಗೆ. ನೆಡುತೋಪಿನ ಅಕೇಶಿಯಾ, ನೀಲಗಿರಿಗಳಿಗೆ ಎರಡೂ ಆಗುತ್ತದೆ.

ಮೊದಲ ಮಳೆಗೆ ಚಿರೇಕಲ್ಲಿನ ನೆಲದಲ್ಲಿ ಸಿಗುವ ಗುಂಡುಗುಂಡಾದ ಕಲ್ಲಣಬೆ ತಿಂದಿದ್ದೀರಲ್ಲ, ಅದು ಇಂಥ ಮರಗಳ ಬೇರಿನ ನೆಂಟ. ಮರ ಕಡಿದರೆ ಅಣಬೆಯೂ ಹೋಯಿತು. ಹುತ್ತದ ಅಣಬೆಯ ಕಥೆ ಬೇರೆ, ಅದನ್ನು ಸಾಕುವುದು ಗೆದ್ದಲು.

ಮರಗಳು ಶಿಲೀಂಧ್ರದ ಜಾಲದ ಮೂಲಕ ಮಾತನಾಡುತ್ತವೆ, ತಾಯಿಮರ ಮಕ್ಕಳಿಗೆ ಊಟ ಕಳಿಸುತ್ತದೆ ಎಂದು ಮೊಬೈಲಿನಲ್ಲಿ ದಿನಕ್ಕೊಂದು ಬರುತ್ತದೆ. ನಮ್ಮ ಕಾನಿಗೆ ಬಂದವರು ಮರ ತಬ್ಬಿಕೊಂಡು ಅದನ್ನೇ ಕೇಳುತ್ತಾರೆ. ನಿಜವೆಷ್ಟು?

ಬೇರುಹುಳು. ಜೂನ್ 30, ರಾತ್ರಿ 11.00

ಮೂಲದಲ್ಲಿ ಒಂದು ಒಳ್ಳೆಯ ಪ್ರಯೋಗವಿದೆ. 1997ರಲ್ಲಿ ಕೆನಡಾದ ಕಾಡಿನಲ್ಲಿ ಸುಜಾನ್ ಸಿಮಾರ್ಡ್ ಮತ್ತು ಜೊತೆಗಾರರು ಗುರುತು ಹಾಕಿದ ಇಂಗಾಲವನ್ನು ಕೊಟ್ಟು, ಬರ್ಚ್ ಮತ್ತು ಡಗ್ಲಸ್ ಫರ್ ಸಸಿಗಳ ನಡುವೆ ಅದು ದಾಟುವುದನ್ನು ತೋರಿಸಿದರು. ಅಲ್ಲಿಂದ ತಾಯಿಮರದ ಮಮತೆಯವರೆಗೆ ಹೋದದ್ದು ಕಥೆಗಾರರ ನಡಿಗೆ. 2023ರಲ್ಲಿ ಇದೇ ಕ್ಷೇತ್ರದಲ್ಲಿ ದಶಕಗಟ್ಟಲೆ ದುಡಿದ ಮೂವರು ಸಂಶೋಧಕರು ಎಲ್ಲ ಪುರಾವೆಯನ್ನೂ ಕೂತು ತೂಗಿ, ಕಾಡಿನಲ್ಲಿ ಇಂಥ ಜಾಲ ಎಲ್ಲೆಡೆ ಇದ್ದು ಸಸಿಗಳನ್ನು ಸಾಕುತ್ತದೆ ಎನ್ನಲು ಆಧಾರ ಸಾಲದು, ದೊಡ್ಡ ಮರ ತನ್ನ ಸಂತಾನಕ್ಕೇ ಆರಿಸಿ ಕಳಿಸುತ್ತದೆ ಎಂಬುದಕ್ಕೆ ಕಾಡಿನಲ್ಲೇ ನೋಡಿ ಕಂಡ ಪುರಾವೆ ಇಲ್ಲ ಎಂದು ಬರೆದರು. ಒಂದು ಮರ ಮತ್ತು ಒಂದು ಶಿಲೀಂಧ್ರದ ನಡುವಿನ ಅಣುಗಳ ವ್ಯವಹಾರ ಗಟ್ಟಿಯಾಗಿ ಗೊತ್ತಿದೆ. ಊರು ತುಂಬ ತಂತಿ ಎಳೆದ ಕಥೆ ಅಷ್ಟು ಗಟ್ಟಿಯಲ್ಲ. ನನಗೆ ಮೊದಲನೆಯದರಲ್ಲೇ ಅಚ್ಚರಿ ಸಾಕಷ್ಟಿದೆ.

ಬೆಟ್ಟದಂಚಿನ ತೋಟ. ಜುಲೈ 2, ರಾತ್ರಿ 8.15

ಮಗಳು ಎಲ್ಲವನ್ನೂ ಓದಿದಳು. ಚಂಡೆಯ ಪೆಟ್ಟು ಅವಳಿಗೆ ಹಿಡಿಸಿತು, ಶಾಲೆಯಲ್ಲಿ ಹೇಳುತ್ತಾಳಂತೆ. ಆದರೆ ನನ್ನ ಕೊಟ್ಟೆಗಳ ಪ್ರಶ್ನೆ ಹಾಗೇ ಉಳಿದಿದೆ. ಹಸಿದ ಬೇರು ಕರೆಯುತ್ತದೆ ಎಂದಿರಿ. ನಾನು ಸೂಪರ್ ಫಾಸ್ಫೇಟ್ ಹೊಟ್ಟೆ ತುಂಬ ಉಣಿಸಿದ್ದೇನಲ್ಲ. ಹಾಗಾದರೆ?

ಬೇರುಹುಳು. ಜುಲೈ 2, ರಾತ್ರಿ 9.40

ನೀವೇ ಉತ್ತರ ಹೇಳಿಬಿಟ್ಟಿರಿ. ಗಿಡದೊಳಗೆ ಪಿಎಚ್‌ಆರ್ ಎಂಬ ಪ್ರೋಟೀನ್ ಇದೆ, ರಂಜಕದ ಹಸಿವಿನ ಜೀನ್‌ಗಳ ಯಜಮಾನ. ಎಸ್‌ಪಿಎಕ್ಸ್ ಎಂಬ ಇನ್ನೊಂದು ಪ್ರೋಟೀನ್ ಕೋಶದಲ್ಲಿ ರಂಜಕ ಎಷ್ಟಿದೆ ಎಂದು ಅಳೆಯುತ್ತದೆ. ರಂಜಕ ತುಂಬಿದ್ದರೆ ಅದು ಯಜಮಾನನನ್ನು ಕಟ್ಟಿಹಾಕುತ್ತದೆ. ಕಡಿಮೆಯಾದರೆ ಬಿಡುತ್ತದೆ. 2021ರಲ್ಲಿ ಭತ್ತದಲ್ಲಿ ತೋರಿಸಿದ್ದು ಏನೆಂದರೆ, ಈ ಯಜಮಾನನ ಅಧೀನದಲ್ಲಿ ಸ್ಟ್ರಿಗೋಲ್ಯಾಕ್ಟೋನ್ ತಯಾರಿಯಿಂದ ಹಿಡಿದು ಪಿಟಿ-4ರಂಥ ರಂಜಕ ಒಯ್ಯುವ ಪ್ರೋಟೀನ್‌ವರೆಗೆ, ಶಿಲೀಂಧ್ರವನ್ನು ಬರಮಾಡಿಕೊಳ್ಳುವ ಜೀನ್‌ಗಳ ದಂಡೇ ಇದೆ. ಹೊಟ್ಟೆ ತುಂಬಿದ ಬೇರು ಕರೆಯುವುದೂ ಇಲ್ಲ, ಬಂದವರಿಗೆ ಬಾಗಿಲು ತೆರೆಯುವುದೂ ಇಲ್ಲ.

ಗಿಡದ ಲೆಕ್ಕದಲ್ಲಿ ಅದು ಸರಿಯೇ. ಈ ಅತಿಥಿಯನ್ನು ಸಾಕಲು ಅದು ಬಿಸಿಲಿನಲ್ಲಿ ದುಡಿದು ತಯಾರಿಸಿದ ಇಂಗಾಲದಲ್ಲಿ ಶೇಕಡಾ 20ರವರೆಗೂ ತೆರಬೇಕಾಗುತ್ತದೆ. ಗೊಬ್ಬರವೇ ಬಾಯಿಗೆ ಬೀಳುತ್ತಿರುವಾಗ ಯಾರು ತೆರುತ್ತಾರೆ? ಪುಡಿ ಹಾಕುವುದು, ಜೊತೆಗೆ ಸೂಪರ್ ಫಾಸ್ಫೇಟ್ ಸುರಿಯುವುದು ಎಂದರೆ ಒಂದು ಕೈಯಲ್ಲಿ ಆಮಂತ್ರಣ ಪತ್ರಿಕೆ ಕೊಟ್ಟು ಇನ್ನೊಂದು ಕೈಯಲ್ಲಿ ಚಿಲಕ ಹಾಕಿದಂತೆ.

ಹಳೇ ಕಂಬಳಿ. ಜುಲೈ 2, ರಾತ್ರಿ 10.00

ಒಪ್ಪಿದೆ. ಆದರೆ ಎರಡು ಸಾಲಿಗೂ ಮಣ್ಣು ಬೇರೆ, ಗೊಬ್ಬರ ಬೇರೆ, ಪುಡಿ ಬೇರೆ. ಇಂಥ ಪರೀಕ್ಷೆಯಿಂದ ಏನನ್ನೂ ಹೇಳಲಾಗದು. ಪುಡಿಯೇ ಸತ್ತಿದ್ದರೆ? ಬೇರನ್ನೇ ನೋಡಬೇಕು. ನೋಡುವವರಿದ್ದಾರೆಯೇ?

ಗಾಜಿನ ಪಟ್ಟಿ, ಹೈಸ್ಕೂಲು ಮೇಷ್ಟ್ರು. ಜುಲೈ 3, ಬೆಳಿಗ್ಗೆ 8.20

ನೋಡೋಣ. ಶಿರಸಿ ಸೀಮೆಯಲ್ಲೇ ಇದ್ದೇನೆ. ಶಾಲೆಯಲ್ಲಿ ಸೂಕ್ಷ್ಮದರ್ಶಕವಿದೆ, ಮಸೂರಕ್ಕೆ ಹತ್ತಿದ ಬೂಷ್ಟು ಒರೆಸಬೇಕಷ್ಟೆ. ಎರಡೂ ಸಾಲಿನಿಂದ ನಾಲ್ಕು ನಾಲ್ಕು ಗಿಡದ ಎಳೆಯ ಬೇರು ಕಳಿಸಿ. ದಪ್ಪ ಬೇರು ಬೇಡ, ದಾರದಂಥದ್ದು ಬೇಕು. ಒದ್ದೆ ಕಾಗದದಲ್ಲಿ ಸುತ್ತಿ, ಯಾವ ಸಾಲಿನದು ಎಂದು ನನಗೆ ಹೇಳದೆ ಗುರುತು ಮಾತ್ರ ಹಾಕಿ.

ಗಾಜಿನ ಪಟ್ಟಿ. ಜುಲೈ 14, ಸಂಜೆ 5.45

ಮೊದಲ ಪ್ರಯತ್ನ ಹಾಳಾಯಿತು, ಅದನ್ನೇ ಮೊದಲು ಹೇಳಿಬಿಡುತ್ತೇನೆ. ಬೇರಿನ ಬಣ್ಣ ತೆಗೆಯಲು ಶೇಕಡಾ 10ರ ಕಾಸ್ಟಿಕ್ ಪೊಟ್ಯಾಷ್ ದ್ರಾವಣದಲ್ಲಿ ಬಿಸಿ ಮಾಡಬೇಕು. ಮಧ್ಯೆ ಮುಖ್ಯೋಪಾಧ್ಯಾಯರು ಕರೆದರು, ಹೋಗಿ ಬರುವಷ್ಟರಲ್ಲಿ ಬೇರು ಪಾಯಸವಾಗಿತ್ತು. ಎರಡನೆಯ ಸಲ ಮಗ್ಗುಲಲ್ಲೇ ನಿಂತೆ. ತೊಳೆದು, ವಿನೆಗರಿಗೆ ಶೇಕಡಾ 5ರಷ್ಟು ಕಪ್ಪು ಶಾಯಿ ಬೆರೆಸಿ ಮೂರು ನಿಮಿಷ ಕುದಿಸಿದೆ. ಆಮೇಲೆ ನಾಲ್ಕು ಹನಿ ವಿನೆಗರ್ ಹಾಕಿದ ನೀರಿನಲ್ಲಿ ಇಪ್ಪತ್ತು ನಿಮಿಷ ಬಿಟ್ಟೆ. ಬೇರಿನ ಶಾಯಿ ಇಳಿಯುತ್ತದೆ, ಶಿಲೀಂಧ್ರದ ಕೈಟಿನ್ ಗೋಡೆ ಹಿಡಿದುಕೊಳ್ಳುತ್ತದೆ. ಈ ಉಪಾಯ 1998ರದ್ದು, ದುಬಾರಿ ಬಣ್ಣ ಬೇಕಿಲ್ಲ. ಮಕ್ಕಳು ಕಾಸ್ಟಿಕ್ ಮುಟ್ಟಬಾರದು, ಅದು ಚರ್ಮ ಸುಡುತ್ತದೆ, ಕಣ್ಣಿಗೆ ಹಾರಿದರೆ ಕಷ್ಟ. ಆ ಭಾಗವನ್ನು ಕೈಗವಸು, ಕನ್ನಡಕ ಹಾಕಿ ನಾನೇ ಮಾಡಿದೆ.

ಕಂಡದ್ದು: ‘ಅ’ ಗುರುತಿನ ನಾಲ್ಕರಲ್ಲಿ ಮೂರು ಬೇರು ಖಾಲಿ. ನಾಲ್ಕನೆಯದರ ಹೊರಮೈಯಲ್ಲಿ ಒಂದೆರಡು ಎಳೆ, ಒಳಗೆ ಏನಿಲ್ಲ. ‘ಆ’ ಗುರುತಿನ ನಾಲ್ಕರಲ್ಲೂ ಉದ್ದಕ್ಕೆ ನೀಲಿಗಪ್ಪು ಎಳೆಗಳು ಓಡಿವೆ. ಅಲ್ಲಲ್ಲಿ ಮೊಟ್ಟೆಯಾಕಾರದ ಚೀಲಗಳು. ಒಂದು ಕಡೆ ಕೋಶದೊಳಗೆ ಮಸುಕಾದ ಪೊದೆಯಂಥದ್ದು ಕಂಡಿತು, ನಮ್ಮ ಮಸೂರಕ್ಕೆ ಅದಕ್ಕಿಂತ ಸ್ಪಷ್ಟವಾಗದು. ಒಂಬತ್ತನೆಯ ತರಗತಿಯವರು ಸರದಿಯಲ್ಲಿ ನಿಂತು ನೋಡಿದರು. ಒಬ್ಬ ‘ಸರ್, ಬೇರಿನೊಳಗೆ ಇನ್ನೊಂದು ಬೇರು’ ಎಂದ. ನಾನು ಇಷ್ಟು ವರ್ಷ ಪಾಠ ಮಾಡಿದರೂ ಹಾಗೆ ಹೇಳಿರಲಿಲ್ಲ.

ಬೆಟ್ಟದಂಚಿನ ತೋಟ. ಜುಲೈ 14, ರಾತ್ರಿ 7.30

‘ಅ’ ಎಂದರೆ ಪುಡಿ ಮತ್ತು ಸೂಪರ್ ಫಾಸ್ಫೇಟ್. ‘ಆ’ ಎಂದರೆ ಬೆಟ್ಟದ ಮಣ್ಣು.

ಹಳೇ ಕಂಬಳಿ. ಜುಲೈ 14, ರಾತ್ರಿ 7.40

ಅಜ್ಜ ಗೆದ್ದ ಎಂದು ಕೂಗುವ ಆಸೆಯಾಗುತ್ತಿದೆ, ಆದರೆ ಎಂಟು ಬೇರಿನ ಲೆಕ್ಕಕ್ಕೆ ಕೂಗುವುದಿಲ್ಲ. ಪುಡಿ ಸತ್ತಿತ್ತೋ, ಗೊಬ್ಬರ ಅದನ್ನು ತಡೆಯಿತೋ, ಇನ್ನೂ ಬೇರ್ಪಟ್ಟಿಲ್ಲ. ಅದೂ ಅಲ್ಲದೆ ಪ್ರತಿಯೊಬ್ಬರೂ ಬೆಟ್ಟದ ಮೇಲ್ಮಣ್ಣು ಕೆರೆದು ತಂದರೆ ಬೆಟ್ಟದಲ್ಲಿ ಏನು ಉಳಿದೀತು?

ಕಡಲಂಚು. ಜುಲೈ 15, ಮಧ್ಯಾಹ್ನ 2.00

ಈ ಶಿಲೀಂಧ್ರವನ್ನು ಮೊಸರಿಗೆ ಹೆಪ್ಪು ಹಾಕಿದಂತೆ ಮನೆಯಲ್ಲೇ ಬೆಳೆಸಲಾಗದೆ? ಟ್ರೈಕೋಡರ್ಮಾ ಎಂಬ ಇನ್ನೊಂದು ಉಪಕಾರಿ ಶಿಲೀಂಧ್ರವನ್ನು ನಮ್ಮ ಭಾವ ಸಗಣಿ, ಬೇವಿನ ಹಿಂಡಿಯಲ್ಲಿ ಬೆಳೆಸುತ್ತಾರಲ್ಲ.

ಬೇರುಹುಳು. ಜುಲೈ 15, ರಾತ್ರಿ 10.10

ಟ್ರೈಕೋಡರ್ಮಾ ಸ್ವತಂತ್ರಜೀವಿ, ಸಗಣಿ ಕೊಟ್ಟರೆ ಸಾಕು. ಇದಕ್ಕೆ ಜೀವಂತ ಬೇರೇ ಬೇಕು. ಅದಕ್ಕೇ ಪುಡಿ ತಯಾರಿಸುವವರು ಕುಂಡದಲ್ಲಿ ಜೋಳ, ರಾಗಿ, ಹುಲ್ಲು ಬೆಳೆಸಿ, ಅದರ ಬೇರು, ಮಣ್ಣನ್ನೇ ಒಣಗಿಸಿ ಪೊಟ್ಟಣ ಕಟ್ಟುವುದು. ಎಷ್ಟು ಶತಮಾನದ ಗುಟ್ಟೋ, ಇದರ ಕಾರಣ ಬಯಲಾದದ್ದು ಇತ್ತೀಚೆಗೆ. 2013ರಲ್ಲಿ ಈ ಕುಲದ ಒಂದು ಶಿಲೀಂಧ್ರದ ಪೂರ್ತಿ ಜೀನ್ ಪಟ್ಟಿ ಓದಿದಾಗ ಒಂದು ಪುಟವೇ ಕಾಣೆಯಾಗಿತ್ತು: ಕೊಬ್ಬಿನ ಆಮ್ಲವನ್ನು ಮೊದಲಿನಿಂದ ಕಟ್ಟುವ ಕಿಣ್ವದ ಜೀನ್‌ಗಳು. ಮೈತುಂಬ ಎಣ್ಣೆ ತುಂಬಿಕೊಂಡಿರುವ ಜೀವಿ, ಮೇಷ್ಟ್ರು ಕಂಡ ಮೊಟ್ಟೆಯಾಕಾರದ ಚೀಲಗಳೆಲ್ಲ ಎಣ್ಣೆಯ ಕಣಜ, ಆದರೆ ಎಣ್ಣೆ ಮಾಡಲು ಬಾರದು! 2017ರಲ್ಲಿ ಹಲವು ಗುಂಪುಗಳು ಬಹುಪಾಲು ಒಟ್ಟಿಗೇ ತೋರಿಸಿದವು, ಬೇರು ಸಕ್ಕರೆಯಷ್ಟೇ ಅಲ್ಲ, ತಯಾರಾದ ಕೊಬ್ಬನ್ನೂ ಆ ತೆಳುಪೊರೆಯ ಮೂಲಕ ಉಣಿಸುತ್ತದೆ. ಅದನ್ನು ಕಟ್ಟುವ ರ‍್ಯಾಮ್-2 ಎಂಬ ಜೀನ್ ಕೆಟ್ಟ ಗಿಡದಲ್ಲಿ ಆರ್ಬಸ್ಕ್ಯೂಲ್ ಕುಬ್ಜವಾಗಿ ನಿಲ್ಲುತ್ತದೆ. ಅಡುಗೆಮನೆಯ ಬೀಗದಕೈ ಗಿಡದ ಸೊಂಟದಲ್ಲಿದೆ.

ಬೇರಿಲ್ಲದೆ ಬೆಳೆಸುವ ಪ್ರಯತ್ನ ನಡೆದಿಲ್ಲ ಎಂದಲ್ಲ. 2020ರಲ್ಲಿ ಜಪಾನಿನ ಗುಂಪೊಂದು ತಟ್ಟೆಯಲ್ಲಿ ಮಿರಿಸ್ಟೇಟ್ ಎಂಬ ಕೊಬ್ಬನ್ನು ಕೊಟ್ಟು, ಗಿಡವಿಲ್ಲದೆಯೇ ಈ ಶಿಲೀಂಧ್ರ ಬೆಳೆದು ಹೊಸ ಬೀಜಕಣ ಬಿಡುವಂತೆ ಮಾಡಿತು. ಬೆಳವಣಿಗೆ ಅಷ್ಟಕ್ಕಷ್ಟೆ, ಪೊಟ್ಟಣಕ್ಕೆ ಬರುವಷ್ಟಲ್ಲ.

ಕತ್ತಲೆಕಾನು. ಜುಲೈ 16, ಬೆಳಿಗ್ಗೆ 6.50

ಮಿರಿಸ್ಟೇಟ್ ಎಂದಿರಾ? ಮಿರಿಸ್ಟಿಕಾ ಎಂದರೆ ನಮ್ಮ ರಾಮಪತ್ರೆ, ಜಾಯಿಕಾಯಿಯ ಕುಲ. ಕತ್ತಲೆಕಾನಿನ ಜೌಗಿನಲ್ಲಿ ಕಾಲುಬೇರು ಮೇಲೆತ್ತಿ ನಿಂತಿರುವುದೂ ಅದೇ ಬಳಗ. ಹೆಸರಿಗೂ ಮರಕ್ಕೂ ಸಂಬಂಧವಿದೆಯೇ?

ಬೇರುಹುಳು. ಜುಲೈ 16, ಬೆಳಿಗ್ಗೆ 7.30

ಇದೆ. ಆ ಆಮ್ಲವನ್ನು 1841ರಲ್ಲಿ ಮೊದಲು ಬೇರ್ಪಡಿಸಿದ್ದು ಜಾಯಿಕಾಯಿಯ ಬೆಣ್ಣೆಯಿಂದ, ಹೆಸರೂ ಅಲ್ಲಿಂದಲೇ. ಇದು ನನಗೆ ಹೊಳೆದೇ ಇರಲಿಲ್ಲ! ಹಾಗೆಂದು ಯಾರೂ ಕೊಟ್ಟೆಗೆ ಜಾಯಿಕಾಯಿ ತೇಯ್ದು ಹಾಕಬೇಡಿ.

ಬೆಟ್ಟದಂಚಿನ ತೋಟ. ಜುಲೈ 16, ರಾತ್ರಿ 8.00

ತಡವಾಗಿ ಹೇಳಿದಿರಿ, ಮಗಳು ಆಗಲೇ ಒಂದು ಕೊಟ್ಟೆಗೆ ತೇಯ್ದು ಹಾಕಿ ‘ಇ’ ಎಂದು ಗುರುತು ಬರೆದಿದ್ದಾಳೆ. ಅದಿರಲಿ. ಉಳಿದ ಪುಡಿಯನ್ನು ಗೊಬ್ಬರವಿಲ್ಲದ ಹತ್ತು ಹೊಸ ಕೊಟ್ಟೆಗೆ ಹಾಕಿದ್ದೇನೆ. ಮಣ್ಣನ್ನು ಹಂಡೆಯಲ್ಲಿ ಹಬೆಯಾಡಿಸಿ ಆರಿಸಿ ತುಂಬಿದೆ, ಹಳೇ ಕಂಬಳಿಯವರು ಮತ್ತೆ ತಪ್ಪು ಹಿಡಿಯಬಾರದಲ್ಲ. ಇನ್ನು ಹತ್ತಕ್ಕೆ ಅದೇ ಮಣ್ಣು, ಪುಡಿ ಇಲ್ಲ. ಬೇರು ಬರಲು ಎರಡು ತಿಂಗಳಾದರೂ ಬೇಕು. ಮೇಷ್ಟ್ರೇ, ಚೌತಿ ಕಳೆದ ಮೇಲೆ ನಿಮ್ಮ ಶಾಯಿ ಬಾಟಲಿ ಖಾಲಿಯಾಗದಂತೆ ನೋಡಿಕೊಳ್ಳಿ.